ಸತ್ತ ಮೇಲೂ ಮುಗಿಯದ ದುಡಿಮೆ

ಜೋಂಬಿ ಕಥಾಸಂಕಲನಗಳ ಬಗ್ಗೆ ಓದುಗರದೊಂದು ದೂರುಂಟು: ನಾಲ್ಕು ಕಥೆ ಮುಗಿಯುವಷ್ಟರಲ್ಲಿ ರಕ್ತಮಾಂಸ ಸಾಕಾಗಿಹೋಗುತ್ತದೆ. ನನಗೂ ಹಾಗೇ ಅನಿಸಿದೆ. 1989ರಲ್ಲಿ ಅಮೆರಿಕದ ಸ್ಕಿಪ್ ಮತ್ತು ಸ್ಪೆಕ್ಟರ್ ಸಂಪಾದಿಸಿದ 'ಬುಕ್ ಆಫ್ ದಿ ಡೆಡ್' ಇಂಥ ಸಂಕಲನಗಳಿಗೆ ದಾರಿ ಮಾಡಿತು. ಅದರ ಹೆಣಗಳು ಎದ್ದು ಬಂದದ್ದು ಜಾರ್ಜ್ ರೊಮೆರೊನ 1968ರ ಸಿನಿಮಾದಿಂದ. ಬದುಕಿದವರನ್ನು ತಿನ್ನುವುದೇ ಅವುಗಳ ಕಾಯಕ.

ಆದರೆ ಜೋಂಬಿಯ ತವರು ಹೈಟಿ. ಅಲ್ಲಿ ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರು ಜೀವ ತೇದರು. 1804ರಲ್ಲಿ ದೇಶ ಸ್ವತಂತ್ರವಾದರೂ ಹಳೆಯ ಭಯ ಉಳಿಯಿತು. ಹೈಟಿಯವರ ಜೋಂಬಿ ಯಾರನ್ನೂ ತಿನ್ನುವುದಿಲ್ಲ. ಮಾಂತ್ರಿಕ ಗೋರಿಯಿಂದ ಎಬ್ಬಿಸುತ್ತಾನೆ. ಅದು ಬಾಯಿಲ್ಲದ ಆಳಿನಂತೆ ಯಜಮಾನನಿಗಾಗಿ ದುಡಿಯುತ್ತದೆ. ಲೇಖಕಿ ಜೊರಾ ನೀಲ್ ಹರ್ಸ್ಟನ್ ಅಲ್ಲಿಗೇ ಹೋಗಿ, ಜನ ಜೋಂಬಿ ಎನ್ನುತ್ತಿದ್ದ ಹೆಂಗಸೊಬ್ಬಳ ಫೋಟೊ ತೆಗೆದರು. 1938ರ ತಮ್ಮ ಪುಸ್ತಕದಲ್ಲಿ ಅವಳ ಬಗ್ಗೆ ಬರೆದರು.

ಆ ಜನರಿಗೆ ಸಾವಿಗಿಂತ ದೊಡ್ಡ ಭಯ, ಸತ್ತ ಮೇಲೂ ಬಿಡುವು ಸಿಗದೆಂಬುದು. ಗುಲಾಮರ ಪಾಡಿಗೆ ನಮ್ಮದನ್ನು ಹೋಲಿಸಲಾಗದು. ಆದರೂ ಕೋಳಿ ಕೂಗುವ ಮೊದಲೇ ಎದ್ದು ಒಲೆಯ ಮುಂದೆ ನಿಲ್ಲುವವರಿಗೆ ಈ ಭಯ ತೀರ ಅಪರಿಚಿತವೇನಲ್ಲ. ಹಾಗಾಗಿ ಇಂಥ ಕಥೆ ಓದಿದಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಈ ಹೆಣವನ್ನು ಎಬ್ಬಿಸಿದವರು ಯಾರು, ಯಾರ ಹೊಲದ ಕೆಲಸಕ್ಕೆ?