ತೆರಿಗೆ ವ್ಯಾಪ್ತಿ ಮತ್ತು ಕಚೇರಿಯ ಕಾರ್ಯನಿರ್ವಹಣಾ ತಂತ್ರಾಂಶ: ಹುಬ್ಬಳ್ಳಿ-ಧಾರವಾಡದ ಉದ್ಯಮಗಳಿಗೊಂದು ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ, ಧಾರವಾಡದ ಹೊರವಲಯದಲ್ಲಿ ಗೋದಾಮು, ಕೊಲ್ಹಾಪುರದಲ್ಲಿ ಶಾಖೆ, ಗೋವಾ ಮತ್ತು ಪುಣೆಗಳಲ್ಲಿ ಗ್ರಾಹಕರು. ಉತ್ತರ ಕರ್ನಾಟಕದ ಮಧ್ಯಮ ಪ್ರಮಾಣದ ಅನೇಕ ಉದ್ಯಮಗಳ ಸ್ವರೂಪ ಇಂದು ಹೀಗಿದೆ. ಇಂತಹ ಸಂಸ್ಥೆಗಳಲ್ಲಿ ಯಾವ ಕೆಲಸವನ್ನು ಯಾರು, ಯಾವ ದಿನಾಂಕದೊಳಗೆ ಮುಗಿಸಬೇಕು ಎಂಬುದನ್ನು ದಾಖಲಿಸಲು ಕಾರ್ಯನಿರ್ವಹಣಾ ತಂತ್ರಾಂಶಗಳು ಬಳಕೆಗೆ ಬಂದಿವೆ. ಲೆಕ್ಕಪತ್ರವನ್ನು ಟ್ಯಾಲಿಯಂತಹ ತಂತ್ರಾಂಶ ನೋಡಿಕೊಂಡರೆ, ರಿಟರ್ನ್ ಸಲ್ಲಿಕೆ, ತೆರಿಗೆ ಪಾವತಿ, ಪರವಾನಗಿ ನವೀಕರಣ, ನೋಟಿಸಿಗೆ ಉತ್ತರ ಮುಂತಾದ ಕೆಲಸಗಳ ಹಂಚಿಕೆಯನ್ನು ಈ ತಂತ್ರಾಂಶ ನೋಡಿಕೊಳ್ಳುತ್ತದೆ.

ಆದರೆ ಬಹುತೇಕ ಕಚೇರಿಗಳಲ್ಲಿ ತಂತ್ರಾಂಶದ ‘ಸ್ಥಳ’ ಎಂಬ ಅಂಕಣದಲ್ಲಿ ‘ಹುಬ್ಬಳ್ಳಿ’ ಎಂದು ತುಂಬಿ ಕೈತೊಳೆದುಕೊಳ್ಳುವ ರೂಢಿಯಿದೆ. ತೊಡಕು ಆರಂಭವಾಗುವುದೇ ಇಲ್ಲಿ. ಕಚೇರಿಯ ವಿಳಾಸ ಒಂದೇ ಆಗಿದ್ದರೂ ತೆರಿಗೆಯ ವ್ಯಾಪ್ತಿ ಒಂದೇ ಆಗಿರುವುದಿಲ್ಲ. ಪ್ರತಿಯೊಂದು ಕಾನೂನೂ ತನ್ನ ಗಡಿಯನ್ನು ತನ್ನದೇ ರೀತಿಯಲ್ಲಿ ಎಳೆಯುತ್ತದೆ. ಆದುದರಿಂದ ವ್ಯಾಪ್ತಿಯನ್ನು ವಿಳಾಸದಿಂದ ಬೇರ್ಪಡಿಸಿ, ದಿನಾಂಕಸಹಿತ ಪ್ರತ್ಯೇಕ ದಾಖಲೆಯಾಗಿ ಇರಿಸಿಕೊಳ್ಳುವುದು ಅವಶ್ಯಕ. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಊರು ಅಲ್ಲೇ, ಗಡಿ ಬೇರೆ

ಊರು ಕದಲದಿದ್ದರೂ ತೆರಿಗೆಯ ವ್ಯಾಪ್ತಿ ಬದಲಾಗಬಹುದು ಎಂಬುದಕ್ಕೆ ಅವಳಿ ನಗರದ ಇತಿಹಾಸವೇ ಸಾಕ್ಷಿ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಜ್ಯ ಪುನರ್‌ವಿಂಗಡಣೆಯ ಬಳಿಕ ಮೈಸೂರು ರಾಜ್ಯಕ್ಕೆ ಸೇರಿ, 1957ರ ಮೈಸೂರು ಮಾರಾಟ ತೆರಿಗೆ ಕಾಯ್ದೆಗೆ ಒಳಪಟ್ಟಿತು. ಹುಬ್ಬಳ್ಳಿ ಮತ್ತು ಧಾರವಾಡ ನಗರಗಳನ್ನು ಒಂದುಗೂಡಿಸಿ 1962ರಲ್ಲಿ ಮಹಾನಗರ ಪಾಲಿಕೆ ರಚಿಸಲಾಯಿತು. 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾಗಿ ಪ್ರವೇಶ ತೆರಿಗೆ ಬಂದಿತು. 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ ಜಾರಿಯಾದವು. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಾಲಿಕೆಯ ಗಡಿ ಬದಲಾದರೆ ಆಸ್ತಿ ತೆರಿಗೆ ಮತ್ತು ವ್ಯಾಪಾರ ಪರವಾನಗಿಯ ಪ್ರಾಧಿಕಾರ ಬದಲಾಗುತ್ತದೆ. ಜಿಎಸ್‌ಟಿ ನೋಂದಣಿ ಬದಲಾಗುವುದಿಲ್ಲ. ಏಕೆಂದರೆ ಜಿಎಸ್‌ಟಿ ನೋಂದಣಿ ರಾಜ್ಯವನ್ನು ಆಧರಿಸಿದ್ದು, ನಗರವನ್ನಲ್ಲ. ತಂತ್ರಾಂಶದಲ್ಲಿ ಇವೆರಡನ್ನೂ ಒಂದೇ ‘ಸ್ಥಳ’ಕ್ಕೆ ಕಟ್ಟಿಹಾಕಿದ್ದರೆ ಒಂದನ್ನು ತಿದ್ದಲು ಹೋಗಿ ಮತ್ತೊಂದನ್ನು ಕೆಡಿಸಿಕೊಳ್ಳುವ ಸಂಭವವಿರುತ್ತದೆ.

ಜಿಎಸ್‌ಟಿ: ನೋಂದಣಿ ರಾಜ್ಯಕ್ಕೊಂದು

ಒಂದೇ ಕಂಪನಿ, ಒಂದೇ ಪ್ಯಾನ್ ಸಂಖ್ಯೆ ಇದ್ದರೂ ವಹಿವಾಟಿನ ನೆಲೆ ಹೊಂದಿರುವ ಪ್ರತಿ ರಾಜ್ಯದಲ್ಲಿ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಬೇಕು. ಹುಬ್ಬಳ್ಳಿಯ ಸಂಸ್ಥೆ ಧಾರವಾಡದಲ್ಲಿ ಗೋದಾಮು ತೆರೆದರೆ ಅದನ್ನು ಇರುವ ನೋಂದಣಿಯಲ್ಲಿಯೇ ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಿದರೆ ಸಾಕು. ಇಂತಹ ಬದಲಾವಣೆಯನ್ನು 15 ದಿನಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಕೊಲ್ಹಾಪುರದಲ್ಲಿ ಶಾಖೆ ತೆರೆದರೆ ಮಹಾರಾಷ್ಟ್ರದ ನೋಂದಣಿಯನ್ನೇ ಪಡೆಯಬೇಕು.

ಕಾನೂನಿನ ದೃಷ್ಟಿಯಲ್ಲಿ ಹುಬ್ಬಳ್ಳಿಯ ನೋಂದಣಿಯೂ ಕೊಲ್ಹಾಪುರದ ನೋಂದಣಿಯೂ ಇಬ್ಬರು ಬೇರೆ ಬೇರೆ ವ್ಯಕ್ತಿಗಳಿದ್ದಂತೆ. ಹುಬ್ಬಳ್ಳಿಯಿಂದ ಕೊಲ್ಹಾಪುರದ ಸ್ವಂತ ಶಾಖೆಗೆ ಮಾರಾಟದ ಸರಕನ್ನು ವರ್ಗಾಯಿಸಿದರೂ, ಹಣದ ಕೊಡುಕೊಳ್ಳುವಿಕೆ ಇಲ್ಲದಿದ್ದರೂ, ಅದು ಅಂತರರಾಜ್ಯ ಪೂರೈಕೆ ಎನಿಸುತ್ತದೆ. ತೆರಿಗೆ ಬೀಜಕ ಬರೆದು ಐಜಿಎಸ್‌ಟಿ ಕಟ್ಟಬೇಕಾಗುತ್ತದೆ.

ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿರುತ್ತವೆ. ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30, ತೆಲಂಗಾಣಕ್ಕೆ 36, ಆಂಧ್ರಪ್ರದೇಶಕ್ಕೆ 37. ಮುಂದಿನ ಹತ್ತು ಅಕ್ಷರಗಳು ಪ್ಯಾನ್ ಸಂಖ್ಯೆ. ಹೀಗಾಗಿ ತಂತ್ರಾಂಶದಲ್ಲಿ ವ್ಯಾಪ್ತಿಯ ಗುರುತಾಗಿ ಊರಿನ ಹೆಸರಿನ ಬದಲು ಈ ಸಂಖ್ಯೆಯನ್ನೇ ಇರಿಸಿಕೊಳ್ಳುವುದು ಲೇಸು. ಊರಿನ ಹೆಸರನ್ನು ಒಬ್ಬರು ಒಂದು ರೀತಿ, ಮತ್ತೊಬ್ಬರು ಇನ್ನೊಂದು ರೀತಿ ಬರೆಯಬಹುದು. ಸಂಖ್ಯೆಗೆ ಆ ತೊಂದರೆಯಿಲ್ಲ.

ಇದರೊಳಗೆ ಇನ್ನೊಂದು ಪದರವಿದೆ. ತೆರಿಗೆದಾರರ ಮೇಲಿನ ಆಡಳಿತವನ್ನು ರಾಜ್ಯ ಮತ್ತು ಕೇಂದ್ರ ಹಂಚಿಕೊಂಡಿವೆ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿಗಿಂತ ಕಡಿಮೆ ಇರುವವರಲ್ಲಿ ಶೇ.90 ರಾಜ್ಯಕ್ಕೆ, ಶೇ.10 ಕೇಂದ್ರಕ್ಕೆ, ಅದಕ್ಕಿಂತ ಹೆಚ್ಚಿರುವವರಲ್ಲಿ ಅರ್ಧರ್ಧ ಎಂಬುದು 2017ರಲ್ಲಿ ಮಾಡಿಕೊಂಡ ಹಂಚಿಕೆ. ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಒಂದು ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯ ಸ್ಥಳೀಯ ಕಚೇರಿಗೂ, ಇನ್ನೊಂದು ಬೆಳಗಾವಿಯ ಕೇಂದ್ರ ಜಿಎಸ್‌ಟಿ ಆಯುಕ್ತಾಲಯಕ್ಕೂ ಒಳಪಟ್ಟಿರಬಹುದು. ತೆರಿಗೆಯ ದರದಲ್ಲಿ ವ್ಯತ್ಯಾಸವಿಲ್ಲ. ನೋಟಿಸು ಬಂದಾಗ ಉತ್ತರ ಸಲ್ಲಬೇಕಾದ ಕಚೇರಿ ಬೇರೆ.

ಪೂರೈಕೆಯ ಸ್ಥಳ: ಮೂರು ಉದಾಹರಣೆಗಳು

ಹುಬ್ಬಳ್ಳಿ-ಧಾರವಾಡ ಕೈಗಾರಿಕಾ ವಾಲ್ವ್‌ಗಳ ತಯಾರಿಕೆಗೆ ಹೆಸರಾದ ನಗರ. ಇವುಗಳಿಗೆ ಜಿಎಸ್‌ಟಿ ದರ ಶೇ.18. ಒಂದು ಲಕ್ಷ ರೂಪಾಯಿ ಮೌಲ್ಯದ ವಾಲ್ವ್‌ಗಳನ್ನು ಮಾರುವ ಹುಬ್ಬಳ್ಳಿಯ ಸಂಸ್ಥೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂರೂ ಸಂದರ್ಭಗಳಲ್ಲಿ ತೆರಿಗೆಯ ಮೊತ್ತ 18,000 ರೂಪಾಯಿ. ಅದು ಸೇರುವ ಖಾತೆ ಮಾತ್ರ ಬೇರೆ.

1. ದಾವಣಗೆರೆಯ ಕಾರ್ಖಾನೆಗೆ ಮಾರಿದರೆ ಪೂರೈಕೆಯ ಸ್ಥಳ ಕರ್ನಾಟಕ. ಸಿಜಿಎಸ್‌ಟಿ 9,000 ಮತ್ತು ಎಸ್‌ಜಿಎಸ್‌ಟಿ 9,000 ರೂಪಾಯಿ.

2. ಮಡಗಾಂವಿನ ನೋಂದಾಯಿತ ವರ್ತಕರಿಗೆ ಕಳುಹಿಸಿದರೆ ಸರಕಿನ ಪಯಣ ಮುಗಿಯುವುದು ಗೋವಾದಲ್ಲಿ. ಐಜಿಎಸ್‌ಟಿ 18,000 ರೂಪಾಯಿ.

3. ಪುಣೆಯ ವರ್ತಕರೊಬ್ಬರು ಖರೀದಿಸಿ, ‘ಮಾಲನ್ನು ಧಾರವಾಡದ ಕಾರ್ಖಾನೆಗೆ ನೇರವಾಗಿ ತಲುಪಿಸಿ’ ಎಂದು ಸೂಚಿಸಿದರೆ ಸರಕು ಜಿಲ್ಲೆಯ ಗಡಿಯನ್ನೇ ದಾಟುವುದಿಲ್ಲ. ಆದರೂ ಪೂರೈಕೆಯ ಸ್ಥಳ, ಸೂಚನೆ ನೀಡಿದ ಪುಣೆಯ ವರ್ತಕರ ಪ್ರಧಾನ ವ್ಯವಹಾರ ಸ್ಥಳವೇ ಆಗಿರುತ್ತದೆ. ಇಲ್ಲಿಯೂ ಐಜಿಎಸ್‌ಟಿ 18,000 ರೂಪಾಯಿ.

ಸಾಮಾನ್ಯವಾಗಿ ತಪ್ಪುವುದು ಈ ಮೂರನೆಯ ಸಂದರ್ಭದಲ್ಲಿ. ಲಾರಿ ಧಾರವಾಡಕ್ಕೆ ಹೋಗಿದ್ದನ್ನು ಕಂಡ ಗುಮಾಸ್ತರು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ಬೀಜಕ ಬರೆದುಬಿಡುತ್ತಾರೆ. ಮಹಾರಾಷ್ಟ್ರದ ನೋಂದಣಿ ಹೊಂದಿರುವ ಖರೀದಿದಾರರಿಗೆ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ.

ಖರ್ಚಿನ ಬದಿಯಲ್ಲಿಯೂ ಇದೇ ನಿಯಮ ಕಾಡುತ್ತದೆ. ಸಂಸ್ಥೆಯ ನೌಕರರು ಪಣಜಿಯ ಹೋಟೆಲಿನಲ್ಲಿ ತಂಗಿದರೆ, ಸ್ಥಿರಾಸ್ತಿಗೆ ಸಂಬಂಧಿಸಿದ ಸೇವೆಯಾದ್ದರಿಂದ ಪೂರೈಕೆಯ ಸ್ಥಳ ಗೋವಾ. ಹೋಟೆಲಿನವರು ಗೋವಾದ ತೆರಿಗೆ ವಿಧಿಸುತ್ತಾರೆ. ಬಿಲ್ಲಿನ ಮೇಲೆ ಹುಬ್ಬಳ್ಳಿಯ ಜಿಎಸ್‌ಟಿ ಸಂಖ್ಯೆ ಬರೆಸಿದರೂ ಅದರ ಕ್ರೆಡಿಟ್ ಕರ್ನಾಟಕದ ನೋಂದಣಿಗೆ ಸಲ್ಲುವುದಿಲ್ಲ.

ವೃತ್ತಿ ತೆರಿಗೆ: ನೌಕರರು ದುಡಿಯುವ ರಾಜ್ಯ

ಜಿಎಸ್‌ಟಿಯ ಗಡಿ ಸರಕನ್ನೋ ಗ್ರಾಹಕರನ್ನೋ ಹಿಂಬಾಲಿಸಿದರೆ, ವೃತ್ತಿ ತೆರಿಗೆಯ ಗಡಿ ನೌಕರರನ್ನು ಹಿಂಬಾಲಿಸುತ್ತದೆ. ಕರ್ನಾಟಕದಲ್ಲಿ ಮಾಸಿಕ 25,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ತಿಂಗಳಿಗೆ 200 ರೂಪಾಯಿ ಕಡಿತ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಫೆಬ್ರುವರಿಯಲ್ಲಿ 300 ರೂಪಾಯಿ. ಸಂವಿಧಾನದ 276ನೇ ವಿಧಿ ನಿಗದಿಪಡಿಸಿರುವ ವಾರ್ಷಿಕ 2,500 ರೂಪಾಯಿಗಳ ಮಿತಿಗೆ ಇದು ಸರಿಹೊಂದುತ್ತದೆ. ಮಹಾರಾಷ್ಟ್ರದಲ್ಲಿ ಪುರುಷ ನೌಕರರಿಗೆ 10,000 ರೂಪಾಯಿ ಮೀರಿದೊಡನೆ ಇದೇ ಮೊತ್ತ ಅನ್ವಯಿಸುತ್ತದೆ. ಮಹಿಳೆಯರಿಗೆ 25,000 ರೂಪಾಯಿವರೆಗೆ ವಿನಾಯಿತಿಯಿದೆ.

ಇದರ ಪರಿಣಾಮ ಸ್ಪಷ್ಟ. 20,000 ರೂಪಾಯಿ ಸಂಬಳದ ಪುರುಷ ನೌಕರರೊಬ್ಬರಿಗೆ ಹುಬ್ಬಳ್ಳಿಯಲ್ಲಿ ವೃತ್ತಿ ತೆರಿಗೆಯಿಲ್ಲ. ಅವರನ್ನು ಕೊಲ್ಹಾಪುರಕ್ಕೆ ವರ್ಗಾಯಿಸಿದರೆ ಕಡಿತ ಆರಂಭಿಸಬೇಕು. ಪಾವತಿಯ ಗಡುವೂ ಬೇರೆ. ಕರ್ನಾಟಕದಲ್ಲಿ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಮಹಾರಾಷ್ಟ್ರದಲ್ಲಿ ಹಿಂದಿನ ವರ್ಷದ ತೆರಿಗೆ ಮೊತ್ತವನ್ನು ನೋಡಿ ಮಾಸಿಕ ಇಲ್ಲವೇ ವಾರ್ಷಿಕ ರಿಟರ್ನ್ ನಿಗದಿಯಾಗುತ್ತದೆ. ಆದಕಾರಣ ವರ್ಗಾವಣೆ ಆದೇಶ ಹೊರಟ ಕೂಡಲೇ ಸಂಬಳ ವಿಭಾಗಕ್ಕೆ ಒಂದು ಕೆಲಸ ತಾನಾಗಿಯೇ ಸೃಷ್ಟಿಯಾಗುವಂತೆ ತಂತ್ರಾಂಶವನ್ನು ಅಳವಡಿಸಬೇಕು.

ಆಸ್ತಿ ತೆರಿಗೆ: ಕಟ್ಟಡ ನಿಂತ ನೆಲ

ಆಸ್ತಿ ತೆರಿಗೆ ಕಟ್ಟಡವಿರುವ ಸ್ಥಳೀಯ ಸಂಸ್ಥೆಗೆ ಸೇರತಕ್ಕದ್ದು. ಪಾಲಿಕೆಯ ಎಲ್ಲೆಯೊಳಗಿನ ಕಚೇರಿ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಗೆ ಒಳಪಟ್ಟರೆ, ಎಲ್ಲೆಯಾಚೆ ಗ್ರಾಮ ಪಂಚಾಯಿತಿ ಪ್ರದೇಶದಲ್ಲಿರುವ ಗೋದಾಮು 1993ರ ಪಂಚಾಯತ್ ರಾಜ್ ಕಾಯ್ದೆಗೆ ಒಳಪಡುತ್ತದೆ. ಪಾಲಿಕೆ ವ್ಯಾಪ್ತಿಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ಪೂರ್ಣ ತೆರಿಗೆ ಕಟ್ಟಿದವರಿಗೆ ಶೇ.5 ರಿಯಾಯಿತಿಯಿದೆ. ಈ ಕೆಲಸಕ್ಕೆ ಕಂಪನಿಯ ಹೆಸರಾಗಲಿ, ಜಿಎಸ್‌ಟಿ ಸಂಖ್ಯೆಯಾಗಲಿ ಕೀಲಿಯಲ್ಲ. ಆಸ್ತಿಯ ಸಂಖ್ಯೆಯೇ ಕೀಲಿ.

ತಂತ್ರಾಂಶದಲ್ಲಿ ಅಳವಡಿಸುವ ಬಗೆ

ಮೇಲಿನ ವಿವರಗಳನ್ನು ಗಮನದಲ್ಲಿಟ್ಟು, ಕೆಲಸಗಳ ಪಟ್ಟಿಗೆ ಮುನ್ನ ವ್ಯಾಪ್ತಿಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಪ್ರತಿ ವ್ಯಾಪ್ತಿಗೆ ಈ ಕೆಳಗಿನ ಅಂಶಗಳಿರಲಿ:

* ಕಾನೂನಿನ ಹೆಸರು ಮತ್ತು ನೋಂದಣಿ ಸಂಖ್ಯೆ
* ಪ್ರಾಧಿಕಾರ, ಅಂದರೆ ನೋಟಿಸು ನೀಡುವ ಹಾಗೂ ಉತ್ತರ ಸ್ವೀಕರಿಸುವ ಕಚೇರಿ
* ವ್ಯಾಪ್ತಿಯನ್ನು ನಿರ್ಧರಿಸುವ ಆಧಾರ: ನೋಂದಣಿಯ ರಾಜ್ಯ, ನೌಕರರು ದುಡಿಯುವ ಸ್ಥಳ ಅಥವಾ ಕಟ್ಟಡ
* ಜಾರಿಯಾದ ದಿನಾಂಕ ಮತ್ತು ಕೊನೆಗೊಂಡ ದಿನಾಂಕ
* ರಿಟರ್ನ್ ಮತ್ತು ಪಾವತಿಯ ಗಡುವುಗಳು
* ಹೊಣೆಗಾರರು ಮತ್ತು ಪರಿಶೀಲಕರು. ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳಾಗಿರಬೇಕು

ಈ ಪಟ್ಟಿ ಸಿದ್ಧವಾದ ಬಳಿಕ ಪ್ರತಿ ವ್ಯಾಪ್ತಿಗೂ ಮರುಕಳಿಸುವ ಕೆಲಸಗಳನ್ನು ಜೋಡಿಸಬೇಕು. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಗಡುವು. ‘ಜಿಎಸ್‌ಟಿ ರಿಟರ್ನ್’ ಎಂಬ ಒಂದೇ ಕೆಲಸದಡಿ ಎರಡು ರಾಜ್ಯಗಳನ್ನು ಸೇರಿಸಬಾರದು. ಹುಬ್ಬಳ್ಳಿಯದು ಮುಗಿದೊಡನೆ ಯಾರೋ ‘ಪೂರ್ಣ’ ಎಂದು ಗುರುತು ಹಾಕಿದರೆ ಕೊಲ್ಹಾಪುರದ ರಿಟರ್ನ್ ಕಣ್ಮರೆಯಾಗುತ್ತದೆ. ಸತತ ಎರಡು ಅವಧಿಗಳ ಜಿಎಸ್‌ಟಿಆರ್-3ಬಿ ಬಾಕಿ ಉಳಿದರೆ ಆ ನೋಂದಣಿಯಿಂದ ಸರಕು ಕಳುಹಿಸಲು ಇ-ವೇ ಬಿಲ್ ಹುಟ್ಟುವುದಿಲ್ಲ. ಮಾಲು ಸಿದ್ಧವಿದ್ದರೂ ಲಾರಿ ಹೊರಡದು.

ಕೆಲಸ ಮುಗಿದಿದೆ ಎಂಬುದಕ್ಕೆ ಗುಮಾಸ್ತರ ಮಾತಷ್ಟೇ ಆಧಾರವಾಗಬಾರದು. ಸ್ವೀಕೃತಿ ಸಂಖ್ಯೆ ಅಥವಾ ಚಲನ್‌ನ ಪ್ರತಿಯನ್ನು ಲಗತ್ತಿಸಿದ ಹೊರತು ಕೆಲಸ ಮುಚ್ಚದಂತೆ ನಿರ್ಬಂಧವಿರಲಿ. ಪಾಸ್‌ವರ್ಡ್ ಮತ್ತು ಒಟಿಪಿಗಳನ್ನು ಕೆಲಸದ ಟಿಪ್ಪಣಿಯಲ್ಲಿ ಬರೆಯುವ ಅಭ್ಯಾಸವನ್ನು ಕಡ್ಡಾಯವಾಗಿ ನಿಲ್ಲಿಸಬೇಕು.

ಹಳೆಯ ದಾಖಲೆಯನ್ನು ಅಳಿಸಬಾರದು

ಪ್ರಾಧಿಕಾರ ಬದಲಾದಾಗ ಹಳೆಯ ಹೆಸರಿನ ಮೇಲೆಯೇ ಹೊಸ ಹೆಸರು ಬರೆಯುವುದು ದೊಡ್ಡ ತಪ್ಪು. ಹಳೆಯ ದಾಖಲೆಗೆ ಕೊನೆಯ ದಿನಾಂಕ ಹಾಕಿ, ಹೊಸದನ್ನು ಪ್ರತ್ಯೇಕವಾಗಿ ತೆರೆಯಬೇಕು. ತೆರಿಗೆಯ ವಿಚಾರಣೆ ನಡೆಯುವುದು ಹಿಂದಿನ ವರ್ಷಗಳ ಬಗ್ಗೆ. ಆ ವರ್ಷದಲ್ಲಿ ಯಾವ ಗಡಿ, ಯಾವ ದರ, ಯಾವ ಕಚೇರಿ ಎಂಬುದನ್ನು ದಾಖಲೆ ಹೇಳುವಂತಿರಬೇಕು. ಅವಳಿ ನಗರದ ಪಾಲಿಕೆಯ ವಿಚಾರದಲ್ಲಿಯೂ ಹಾಗೆಯೇ. ಹೊಸ ಪಾಲಿಕೆಗೆ ಸೇರುವ ಆಸ್ತಿಯ ದಾಖಲೆಯನ್ನು ಅಧಿಕಾರ ಹಸ್ತಾಂತರದ ಅಧಿಸೂಚನೆಯಲ್ಲಿರುವ ದಿನಾಂಕದಿಂದ ಬದಲಿಸಬೇಕೇ ಹೊರತು, ಸಂಪುಟದ ತೀರ್ಮಾನದ ದಿನಾಂಕದಿಂದಲ್ಲ. ಹಿಂದಿನ ವರ್ಷಗಳ ರಸೀದಿಗಳು ಹಳೆಯ ಪಾಲಿಕೆಯ ಹೆಸರಿನಲ್ಲಿಯೇ ಉಳಿಯಲಿ.

ತಪ್ಪಾದರೆ ಪರಿಹಾರವೇನು?

ಐಜಿಎಸ್‌ಟಿ ಕಟ್ಟಬೇಕಾದಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕಟ್ಟಿದ್ದರೆ ಕಾನೂನು ದಾರಿ ತೋರಿಸಿದೆ. ಸಿಜಿಎಸ್‌ಟಿ ಕಾಯ್ದೆಯ 77ನೇ ಮತ್ತು ಐಜಿಎಸ್‌ಟಿ ಕಾಯ್ದೆಯ 19ನೇ ಕಲಮುಗಳ ಪ್ರಕಾರ ಸರಿಯಾದ ತೆರಿಗೆಯನ್ನು ಹೊಸದಾಗಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಮರುಪಾವತಿಗೆ ಕೇಳಬಹುದು. ಹೀಗೆ ಕಟ್ಟುವ ಸರಿಯಾದ ತೆರಿಗೆಯ ಮೇಲೆ ಬಡ್ಡಿಯಿಲ್ಲ. ಸರಿಯಾದ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು.

ಪರಿಹಾರವಿದೆ ಎಂದಮಾತ್ರಕ್ಕೆ ನಷ್ಟವಿಲ್ಲವೆಂದಲ್ಲ. ಮೇಲಿನ ಮೂರನೆಯ ಉದಾಹರಣೆಯಲ್ಲಿ ಸಂಸ್ಥೆ 18,000 ರೂಪಾಯಿಗಳನ್ನು ಎರಡನೆಯ ಬಾರಿ ಕಟ್ಟಿ, ಮೊದಲಿನದಕ್ಕಾಗಿ ಕಾಯಬೇಕಾಗುತ್ತದೆ. ತಿಂಗಳಿಗೆ ಅಂತಹ ಹತ್ತು ಬೀಜಕಗಳಿದ್ದರೆ ಒಂದು ವರ್ಷದಲ್ಲಿ 21,60,000 ರೂಪಾಯಿ ಬಂಡವಾಳ ಸಿಕ್ಕಿಬೀಳುತ್ತದೆ. ಸಣ್ಣ ಉದ್ಯಮವೊಂದಕ್ಕೆ ಇದು ನೌಕರರ ಸಂಬಳದ ಹಣ.

ತಂತ್ರಾಂಶ ಎಷ್ಟೇ ಬೆಲೆಯದಾಗಿದ್ದರೂ ವ್ಯಾಪ್ತಿಯನ್ನು ತಾನಾಗಿ ತೀರ್ಮಾನಿಸಲಾರದು. ತುಂಬಿದ್ದನ್ನು ನೆನಪಿಸುವುದಷ್ಟೇ ಅದರ ಕೆಲಸ. ಯಾವ ಕಾನೂನಿಗೆ ಯಾವ ಗಡಿ ಎಂಬುದನ್ನು ಲೆಕ್ಕಪರಿಶೋಧಕರ ಸಲಹೆ ಪಡೆದು ಮೊದಲೇ ನಿಗದಿಪಡಿಸಿಕೊಳ್ಳಬೇಕು. ಆರ್ಥಿಕ ವರ್ಷದ ಆರಂಭದಲ್ಲಿ ಒಮ್ಮೆ, ಹೊಸ ಶಾಖೆ, ಗೋದಾಮು ಅಥವಾ ವರ್ಗಾವಣೆಯ ಸಂದರ್ಭದಲ್ಲಿ ಮತ್ತೊಮ್ಮೆ ಆ ಪಟ್ಟಿಯನ್ನು ಪರಿಶೀಲಿಸುವುದು ಒಳಿತು.