ಕೇತಿ ಕಣಿವೆಯ ಸತ್ಯವೇದ



ಊಟಿಗೆ ಪುಟಾಣಿ ರೈಲಿನಲ್ಲಿ ಹೋದವರು ಕೇತಿ ಕಣಿವೆಯನ್ನು ಕಿಟಕಿಯಿಂದಲೇ ನೋಡಿ ಮೆಚ್ಚಿರುತ್ತೀರಿ. ನಾವೂ ಮೆಚ್ಚಿದ್ದೇವೆ. ಆದರೆ ಆ ಕಣಿವೆಗೂ ಕನ್ನಡ ಸತ್ಯವೇದಕ್ಕೂ ಇರುವ ನಂಟು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ನೀಲಗಿರಿಯ ಬಡಗರು ಬಡಗಣದಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ ಬಂದವರೆಂದು ಅವರ ಹಿರಿಯರು ಹೇಳುತ್ತಾರೆ. ಅವರ ಮಾತನ್ನು ವಿದ್ವಾಂಸರು ಈಗ ಬೇರೆ ಭಾಷೆಯೆಂದೇ ಎಣಿಸಿದರೂ ಅದು ಕನ್ನಡಕ್ಕೆ ಬಹಳ ಹತ್ತಿರ. ಆ ಮಾತಿಗೆ ಸ್ವಂತ ಲಿಪಿ ಇರಲಿಲ್ಲ.

ಜಾರ್ಜ್ ಕ್ಯಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ ಕೇತಿಯಲ್ಲಿ ನೆಲೆಸಿ, ಕನ್ನಡ ಕಲಿತು, ಬಡಗರ ಮಕ್ಕಳಿಗೆ ಶಾಲೆ ತೆರೆದರು. ಅವರ ಬೆಂಬಲದಿಂದ 1846ರಲ್ಲಿ ಬಾಸೆಲ್ ಮಿಶನ್ ಅಲ್ಲಿಗೆ ಬಂತು. 1849ರಲ್ಲಿ ತೀರಿಕೊಂಡಾಗ ಅವರು ತಮ್ಮ ಆಸ್ತಿಯ ಬಹುಭಾಗವನ್ನು ಆ ಕೆಲಸಕ್ಕೇ ಬಿಟ್ಟರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಕನ್ನಡ ಬೈಬಲ್ 1831ರ ಹೊತ್ತಿಗೇ ಅಚ್ಚಾಗಿತ್ತು. ಮಂಗಳೂರಿನಲ್ಲಿ ಮಿಶನ್ನಿನ ಮುದ್ರಣಾಲಯವೂ ಇತ್ತು. ಹೀಗೆ ಪುಸ್ತಕ ಮೊದಲೇ ಸಿದ್ಧವಾಗಿತ್ತು, ಓದುವವರು ತಯಾರಾಗಬೇಕಿತ್ತು.

ಅದು ಸುಲಭವಾಗಲಿಲ್ಲ. ಮೆಟ್ಸ್ ಎಂಬ ಪಾದ್ರಿಗಳು ಹಟ್ಟಿಯಿಂದ ಹಟ್ಟಿಗೆ ವರ್ಷಗಟ್ಟಲೆ ನಡೆದರು. ಜನ ಅವರ ಮಾತು ಕೇಳಿದರು, ಆದರೆ ಮತ ಬಿಡಲಿಲ್ಲ. ಮೊದಲ ಬಡಗನ ದೀಕ್ಷಾಸ್ನಾನ ನಡೆದದ್ದು 1858ರಲ್ಲಿ, ಅಂದರೆ ಮಿಶನ್ ಬಂದು ಹನ್ನೆರಡು ವರ್ಷಗಳ ಮೇಲೆ!

ಕಾರಣ ಸ್ಪಷ್ಟ. ಹಟ್ಟಿಯಲ್ಲಿ ಮದುವೆ, ಸಾವು, ಹಬ್ಬ ಎಲ್ಲವೂ ಕುಲದವರು ಕೂಡಿ ಮಾಡುವಂಥವು. ಹಿರಿಯರ ದೇವರನ್ನು ಬಿಟ್ಟವನು ಇವೆಲ್ಲವನ್ನೂ ಬಿಟ್ಟಂತೆ. ಕುಲದವರ ದೃಷ್ಟಿಯಲ್ಲಿ ಅದು ದ್ರೋಹ. ಅವರ ನೋವನ್ನೂ ನಾವು ಅರಿಯಬೇಕು. ಹೊರಬಿದ್ದವನಿಗೆ ಬಂಧುಗಳಿಲ್ಲ, ಬೆಂಕಿ ಕಾಯಿಸಲು ಪಕ್ಕದ ಮನೆಯೂ ಇಲ್ಲ.

ಅಂಥವನಿಗೆ ಆಸರೆ ಯಾವುದು? ಪಾದ್ರಿಗಳು ದಿನವೂ ಜೊತೆಗಿರಲಾರರು. ಕೈಯಲ್ಲಿ ಉಳಿದದ್ದು ಗ್ರಂಥ. ಆ ಶತಮಾನ ಮುಗಿಯುವ ಮುನ್ನವೇ ಲೂಕನ ಸುವಾರ್ತೆ ಬಡಗ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಗಿ ಬಂತು. ಅದರ ನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿ. ಅಡವಿಯಲ್ಲಿ ಒಬ್ಬನೇ ಹಸಿದಿದ್ದ ಯೇಸುವನ್ನು ಸೈತಾನನು ಮೂರು ಸಲ ಪರೀಕ್ಷಿಸುತ್ತಾನೆ. ಯೇಸು ಪವಾಡ ಮಾಡಿ ತೋರಿಸುವುದಿಲ್ಲ. ಮೂರು ಸಲವೂ ಶಾಸ್ತ್ರದ ಮಾತನ್ನೇ ಎತ್ತಿ ಉತ್ತರ ಕೊಡುತ್ತಾನೆ. ಆ ಮಾತು ಬಾಯಿಪಾಠವಾಗಿದ್ದರಿಂದಲೇ ಆಪತ್ತಿನಲ್ಲಿ ಒದಗಿತು. ಇದೇ ಅಧ್ಯಾಯದಲ್ಲಿ ಸ್ವಂತ ಊರಿನವರೇ ಯೇಸುವನ್ನು ಊರಾಚೆ ಅಟ್ಟುತ್ತಾರೆ. ಹಟ್ಟಿಯಿಂದ ಹೊರಬಿದ್ದವನು ಇದನ್ನು ತನ್ನ ಮನೆಮಾತಿನಲ್ಲಿ ಓದಿದಾಗ ಅವನಿಗೆ ಇನ್ನಾವ ವಿವರಣೆ ಬೇಕಿತ್ತು?

ಮೊದಲ ಮಹಾಯುದ್ಧ 1914ರಲ್ಲಿ ಶುರುವಾದ ಮೇಲೆ ಜರ್ಮನ್ ಪಾದ್ರಿಗಳು ಕೆಲಸ ಬಿಡಬೇಕಾಯಿತು. ಗುರುಗಳು ಹೋದರೂ ಸಭೆ ಅಳಿಯಲಿಲ್ಲ. ಓದಬಲ್ಲ ಮನೆಗಳು ಇದ್ದವಲ್ಲ!

ಇಂದು ಬಡಗರ ಮಕ್ಕಳು ಓದುವುದು ತಮಿಳು ಅಥವಾ ಇಂಗ್ಲಿಷ್. ಅದು ತಪ್ಪೆಂದು ನಾವು ಹೇಳುವುದಿಲ್ಲ, ಬದುಕು ನಡೆಯಬೇಕಲ್ಲ. ಆದರೆ ಗಡಿಯಾಚೆ ಕನ್ನಡ ಕಲಿಸುವ ನಮಗೆ ಒಂದು ಚಿಂತೆ ಕಾಡುತ್ತದೆ. ಅಜ್ಜ ದಿನವೂ ತೆರೆಯುತ್ತಿದ್ದ ಕನ್ನಡ ಸತ್ಯವೇದವನ್ನು ಮೊಮ್ಮಗ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಅದು ನೆನಪಿನ ವಸ್ತುವಾದೀತೇ ಹೊರತು ಬಲವಾಗದು. ಯಾವ ಧರ್ಮದ ಗ್ರಂಥಕ್ಕೂ ಈ ಮಾತು ಸಲ್ಲುತ್ತದೆ. ಪೂಜಿಸಿದ ಪುಸ್ತಕಕ್ಕಿಂತ ಓದಿದ ಪುಸ್ತಕ ಕಷ್ಟಕಾಲಕ್ಕೆ ಒದಗುತ್ತದೆ.

ಆದ್ದರಿಂದ ನಮ್ಮದೊಂದು ಕೋರಿಕೆ. ಮನೆಯಲ್ಲಿ ಕನ್ನಡ ಓದಬಲ್ಲ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿ, ದಿನಕ್ಕೆ ಒಂದು ಅಧ್ಯಾಯ ಜೋರಾಗಿ ಓದಿಸಿ. ಭಕ್ತಿ ಬೆಳೆಯುವುದು ಬಿಡುವುದು ಅವರವರ ಭಾಗ್ಯ. ಅಕ್ಷರವಂತೂ ಉಳಿಯುತ್ತದೆ.