ಲೆಕ್ಕಕ್ಕೆ ಸಿಗದ ಹದಿಹರೆಯ

ಸಾಗರ ತಾಲ್ಲೂಕಿನ ಹೊನ್ನೆಮರಡು ಶರಾವತಿ ಹಿನ್ನೀರಿನ ಅಂಚಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಈ ಸೀಮೆಯ ಹಳ್ಳಿಗಳು ಮುಳುಗಿದವು. ಮುಳುಗಿದ ಗದ್ದೆ, ತೋಟ, ಮನೆಗಳಿಗೆ ಸರ್ಕಾರದ ಲೆಕ್ಕವಿದೆ. ಆದರೆ ಊರು ಬಿಟ್ಟು ಹೊರಟ ಹದಿನಾಲ್ಕು, ಹದಿನೈದರ ಮಕ್ಕಳ ಮನಸ್ಸಿಗೆ ಏನಾಯಿತೆಂಬ ಲೆಕ್ಕವನ್ನು ನಾನು ಎಲ್ಲೂ ಕಂಡಿಲ್ಲ.

ಬರೆದಿಡಲು ಪದವಾದರೂ ಎಲ್ಲಿತ್ತು? ಊಟ ಬಿಟ್ಟು ಮೂಲೆ ಹಿಡಿದ ಹುಡುಗಿಗೆ ಗಾಳಿ ಸೋಕಿದೆ ಎನ್ನುತ್ತಿದ್ದರು. ಶಾಲೆಗೆ ಹೋಗಲೊಲ್ಲದ ಹುಡುಗನಿಗೆ ಸೋಮಾರಿ ಎಂಬ ಹೆಸರು. ಅಂತ್ರ, ಹರಕೆ, ಇಲ್ಲವೇ ಎರಡೇಟು, ಇಷ್ಟೇ ಮದ್ದು. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಮೊಬೈಲಿನಿಂದ ಬಂದದ್ದು’ ಎಂದು ಹಿರಿಯರು ಹೇಳುವಾಗ ನನಗೆ ಈ ಹಳೆಯ ಮಾತುಗಳು ನೆನಪಾಗುತ್ತವೆ. ಹೆಸರೇ ಇಲ್ಲದ ನೋವನ್ನು ಎಣಿಸುವುದು ಹೇಗೆ?

ಎಣಿಸುವ ವಿದ್ಯೆ ಬೆಳೆದದ್ದು ನಮ್ಮ ರಾಜ್ಯದಲ್ಲೇ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ತಂದಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮಕ್ಕಳ ಲೆಕ್ಕ ತಡವಾಗಿ ಬಂತು. ಬೆಂಗಳೂರಿನಲ್ಲಿ 16 ವರ್ಷದವರೆಗಿನ 2,064 ಮಕ್ಕಳ ಅಧ್ಯಯನ 2005ರಲ್ಲಿ ಪ್ರಕಟವಾದಾಗ, ನೂರಕ್ಕೆ ಸುಮಾರು 12 ಮಕ್ಕಳಲ್ಲಿ ಮಾನಸಿಕ ತೊಂದರೆ ಕಂಡಿತ್ತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪ್ರಮಾಣ ಶೇ. 7.3. ಈ ಸಮೀಕ್ಷೆ ನಡೆಸಿದ್ದು ನಿಮ್ಹಾನ್ಸ್. ಆದರೆ ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ! ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಇನ್ನೂ ಹೆಚ್ಚು: 10ರಿಂದ 19 ವಯಸ್ಸಿನ ಏಳು ಜನರಲ್ಲಿ ಒಬ್ಬರು.

ಅಂಕಿಗಳು ಹೊಂದುವುದಿಲ್ಲ, ನಿಜ. ಕೇಳಿದ ವಯಸ್ಸು, ಕೇಳಿದ ರೀತಿ ಬೇರೆ ಬೇರೆ. ಆದರೂ ಇವುಗಳಲ್ಲಿ ತೀರ ಕಡಿಮೆಯದನ್ನೇ ಹಿಡಿದರೂ 40 ಮಕ್ಕಳ ಪ್ರೌಢಶಾಲಾ ತರಗತಿಯಲ್ಲಿ ಮೂವರು ಸಿಗುತ್ತಾರೆ. ಆ ಮೂವರು ಸಾಗರದಲ್ಲೂ ಇದ್ದಾರೆ, ಹೊಸನಗರ, ತೀರ್ಥಹಳ್ಳಿಗಳಲ್ಲೂ ಇದ್ದಾರೆ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಉತ್ತರಿಸುತ್ತದೆ. ಹಿನ್ನೀರಿನ ಹಳ್ಳಿಯ ಹುಡುಗಿಯೂ ಮನೆಯಿಂದಲೇ ಕರೆ ಮಾಡಬಹುದು. ಆದರೆ ಅದಕ್ಕೂ ಮೊದಲು ಮನೆಯಲ್ಲೊಬ್ಬರು, ಇದು ಗಾಳಿಯೂ ಅಲ್ಲ, ಸೋಮಾರಿತನವೂ ಅಲ್ಲ, ಕಾಯಿಲೆ, ಇದಕ್ಕೆ ಮದ್ದಿದೆ ಎಂದು ಹೇಳಬೇಕು.